ಮೂರು ಸಲ ಕೋಲು ಕುಟ್ಟಿದರೆ

ಎಲ್ಲಕ್ಕೂ ಮೂಲ ಒಂದು ಬಕೆಟ್ ಬಿಸಿನೀರು. "ದೊರೆ, ಬಾ ಮರಿ, ಬಾ" ಎಂದು ದರ್ಜಿ ಬೆಲ್ಲದಂಥ ದನಿಯಲ್ಲಿ ಕರೆದ. ನಾಯಿ ನಂಬಿ ಬಂತು. ಹಿಡಿದು ಸೋಪು ಹಚ್ಚಿದ. ಮುಂದಿನ ವಾರವೂ ಅದೇ ಬೆಲ್ಲ, ಅದೇ ಸೋಪು. ಮೂರನೆಯ ವಾರ ಕರೆದಾಗ ದೊರೆ ಗೇಟು ಹಾರಿ ನೇರ ಬಸ್ಸಿನ ಮುಂದೆ ಓಡಿತು. ಡ್ರೈವರ್ ಬ್ರೇಕು ಒತ್ತಿದ್ದಕ್ಕೆ ನಾಯಿ ಉಳಿಯಿತು. ಬೈಗುಳವೆಲ್ಲ ದರ್ಜಿಯ ಪಾಲಿಗೆ ಬಂತು.

ಮಾರನೆಯ ಬೆಳಿಗ್ಗೆಯೇ ಮನೆಯ ಯಜಮಾನಿ ಬಾಗಿಲಲ್ಲಿ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಆಕೆ ಮೂರು ಬೀದಿ ಆಚೆ ಮಗಳ ಮನೆ ಸೇರಿದ್ದಳು. ಗಂಡ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮನೆಯನ್ನು ಇರಲಿಕ್ಕೂ ಹೊಲಿಗೆ ಅಂಗಡಿಗೂ ದರ್ಜಿಗೆ ಬಿಟ್ಟುಕೊಟ್ಟಿದ್ದಳು. ಬಾಡಿಗೆ ಬೇಡ, ಮೇಷ್ಟ್ರ ನಾಯಿಯನ್ನು ನೋಡಿಕೊಂಡರೆ ಸಾಕು ಎಂಬುದೇ ಕರಾರು.

"ಸಂಜೆ ಐದಕ್ಕೆ ಬರ್ತೀನಿ. ನನ್ನ ಕಣ್ಮುಂದೆ ಕರೀಬೇಕು, ಅದು ಬರ್ಬೇಕು. ಬರ್ಲಿಲ್ವೋ, ನಿನ್ನ ಮಿಷನ್ನು ಬೀದೀಲಿರುತ್ತೆ."

"ಅಮ್ಮಾ, ಒಂದೇ ದಿನದಲ್ಲಿ..."

"ನೀನು ಪ್ಯಾಂಟು ಒಂದೇ ದಿನದಲ್ಲಿ ಕೊಡ್ತೀನಿ ಅಂತ ಬೋರ್ಡ್ ಹಾಕಿಲ್ವಾ?"

ಆಕೆ ಹೊರಟಳು. ಎದುರು ಕಟಿಂಗ್ ಶಾಪಿನವನು ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಪಕ್ಕದವರ ಮನೆಗೆ ಬೆಂಕಿ ಬಿದ್ದರೆ ಮೊದಲು ಸಲಹೆ ತರುವವನು, ಆಮೇಲೆ ನೀರು.

"ನಿನ್ನ ಬಾಯಿಂದ 'ಬಾ' ಅಂತ ಬಂದ್ರೆ ಅದಕ್ಕೆ ಸೋಪು ಅಂತ ಅರ್ಥ ಕಣೋ. ಆ ಮಾತು ಕೆಟ್ಟೋಯ್ತು. ಬೇರೆ ಕರೆ ಹುಡುಕು. ಎರಡು ಹೆಜ್ಜೆ ದೂರದಿಂದ ಕರಿ, ಬಂದ ತಕ್ಷಣ ತಿನ್ನಕ್ಕೆ ಕೊಡು. ಆಮೇಲೆ ನಾಲ್ಕು ಹೆಜ್ಜೆ. ಅಟ್ಟಿಸ್ಕೊಂಡು ಮಾತ್ರ ಹೋಗ್ಬೇಡ."

ದರ್ಜಿ ಮೊಟ್ಟೆ ಬೇಯಿಸಿದ. ಶಿಳ್ಳೆ ಹಾಕಿದ, ಚಪ್ಪಾಳೆ ತಟ್ಟಿದ, ನಾಲಿಗೆ ಲೊಟಗುಟ್ಟಿಸಿದ. ಶಿಳ್ಳೆಗೆ ಮೂಲೆಮನೆಯ ಮುದುಕ ಬಂದು ಎರಡು ಚೂರು ಮೊಟ್ಟೆ ತಿಂದು ಹೋದ. ದೊರೆ ಗೇಟಿನ ಹತ್ತಿರ ಕೂತು, ಸಾಲ ವಸೂಲಿಗೆ ಬಂದವನನ್ನು ನೋಡುವ ಹಾಗೆ ಇವನನ್ನು ನೋಡುತ್ತಿತ್ತು. ಸಿಟ್ಟು ನೆತ್ತಿಗೇರಿ ದರ್ಜಿ ಅಟ್ಟಿಸಿಕೊಂಡೇ ಹೋದ. ಚರಂಡಿಗೆ ಬಿದ್ದವನು ಇವನು, ನಾಯಿಯಲ್ಲ.

ನಾಲ್ಕು ಗಂಟೆಯಾಯಿತು. ಕಟಿಂಗ್ ಶಾಪಿನವನು ತಲೆ ಕೆರೆದುಕೊಂಡ.

"ಮೇಷ್ಟ್ರು ಹೇಗೆ ಕರೀತಿದ್ರು ಗೊತ್ತಾ? ಹೆಸರು ಹಿಡಿದು ಕರೆದವರೇ ಅಲ್ಲ. ಹೊಸ್ತಿಲ ಮೇಲೆ ಮೂರು ಸಲ ಕೋಲು ಕುಟ್ಟಿ, ಗಂಟಲು ಸರಿ ಮಾಡ್ಕೊಳ್ಳೋರು. ಅಷ್ಟೇ. ನಿನಗೆ ಗೊತ್ತಿರಬೇಕಲ್ಲ, ನೀನೂ ಅವರ ಹತ್ರ ಕಲ್ತವನೇ."

ದರ್ಜಿಯ ಬಲಗೈ ಚುರುಗುಟ್ಟಿತು. ಗೊತ್ತಿಲ್ಲದೆ ಏನು? ಏಳನೆಯ ಕ್ಲಾಸಿನವರೆಗೆ ದಿನವೂ ಆ ಮೂರು ಪೆಟ್ಟು ಕೇಳಿದೊಡನೆ ಹಿಂದಿನ ಬೆಂಚಿನಿಂದ ಎದ್ದು, ಏಟು ತಿನ್ನಲು ಕೈ ಚಾಚಿಕೊಂಡು ಮುಂದೆ ಹೋದವನೇ ಅವನು. ಅದಕ್ಕೇ ಎಂಟನೆಯ ಕ್ಲಾಸು ಕಾಣಲಿಲ್ಲ.

ಕೋಲು ಒಳಕೋಣೆಯ ಬಾಗಿಲ ಹಿಂದೆ ಇತ್ತು. ತಂದು ಹೊಸ್ತಿಲ ಮೇಲೆ ಕುಟ್ಟಿದ. ಟಕ್. ಟಕ್. ಟಕ್. ಗಂಟಲು ಸರಿಮಾಡಿಕೊಂಡ. ಹೊರಬಂದ ದನಿ ತನ್ನದಲ್ಲ ಅನ್ನಿಸಿತು.

ದೊರೆ ಎದ್ದು ಬಾಣದಂತೆ ಬಂತು. ಬಂದದ್ದು ದರ್ಜಿಯ ಹತ್ತಿರ ನಿಲ್ಲಲಿಲ್ಲ. ಮೊಟ್ಟೆಯನ್ನೂ ಮೂಸಲಿಲ್ಲ. ನೇರ ಒಳಗೆ ಹೋಗಿ, ಮೇಷ್ಟ್ರ ಆರಾಮಕುರ್ಚಿಯ ಮುಂದೆ ಕೂತು, ಖಾಲಿ ಜಾಗದ ಕಡೆ ತಲೆ ಎತ್ತಿ ಬಾಲ ಆಡಿಸಿತು.

ಆ ಕುರ್ಚಿಗೆ ಹೋದ ವಾರವಷ್ಟೇ ದರ್ಜಿ ಹೊಸ ಬಟ್ಟೆ ಹೊಲಿದಿದ್ದ, ತಮಟೆಯ ಹಾಗೆ ಬಿಗಿಯಾಗಿ. ಇಬ್ಬರೂ ನೋಡುತ್ತಿದ್ದಂತೆಯೇ ಬಟ್ಟೆ ನಿಧಾನವಾಗಿ ಕೆಳಗೆ ಜಗ್ಗಿತು.

"ಹೊ... ಹೊಲಿಗೆ ಬಿಟ್ಟಿರಬೇಕು" ಎಂದ ದರ್ಜಿ.

"ನಿನ್ನ ಹೊಲಿಗೆ ಬಿಡೋದು ಹೊಸದೇನಲ್ಲ ಬಿಡು" ಎಂದ ಕಟಿಂಗ್ ಶಾಪಿನವನು. "ನನಗೆ ಅಂಗಡೀಲಿ ಅರ್ಧ ಬೋಳಿಸಿದ ಗಿರಾಕಿ ಇದ್ದಾನೆ." ಹೋದವನು ಹಿಂದೆ ತಿರುಗಿ ನೋಡಲಿಲ್ಲ.

ಐದಕ್ಕೆ ಯಜಮಾನಿ ಬಂದಳು. ದರ್ಜಿ ಕೋಲು ಕುಟ್ಟಿದ. ಹೊರಗಿದ್ದ ನಾಯಿ ಬಂತು, ಕುರ್ಚಿಯ ಮುಂದೆ ಕೂತಿತು, ಬಟ್ಟೆ ಮತ್ತೆ ಜಗ್ಗಿತು. ಆಕೆಗೆ ಗಾಬರಿಯೇ ಇಲ್ಲ. ಮೊಮ್ಮಗು ಮಾರ್ಕು ತಂದಷ್ಟು ಸಂತೋಷ.

"ಇಲ್ಲೇ ಇದ್ದಾರೆ ಅನ್ನು! ಕಲಿಸಿದೆಯಪ್ಪ. ಇನ್ನು ನೀನು ಎಲ್ಲೂ ಹೋಗ್ಬೇಡ, ಇಲ್ಲೇ ಇರು."

"ಬೇಡಮ್ಮಾ! ನಾನು ಈಗಲೇ ಖಾಲಿ ಮಾಡ್ತೀನಿ. ತಗೊಳಿ ನಿಮ್ಮ ಕೋಲು, ತಗೊಳಿ ನಿಮ್ಮ ನಾಯಿ."

ಬೇಡವೆಂದರೂ ಕೇಳದೆ ಹೊಲಿಗೆ ಮಿಷನ್ನನ್ನು ತಳ್ಳುಗಾಡಿಗೆ ಏರಿಸಿದ. ಯಜಮಾನಿ ಕೋಲು ಹಿಡಿದು, ಮನೆಗೆ ಬೀಗ ಹಾಕಿ ಗೇಟಿನ ಹೊರಗೆ ಬಂದು ನಿಂತಳು. ಪಕ್ಕದಲ್ಲಿ ನಾಯಿ ಕೂತಿತು. ಕಟಿಂಗ್ ಶಾಪಿನವನು ತನ್ನ ಬಾಗಿಲಿನಿಂದ ಇಣುಕಿದ. ದರ್ಜಿ ಗಾಡಿಯನ್ನು ಹತ್ತು ಹೆಜ್ಜೆ ತಳ್ಳಿದ್ದ.

ಬೀಗ ಹಾಕಿದ ಮನೆಯೊಳಗಿಂದ ಕೇಳಿಸಿತು.

ಟಕ್. ಟಕ್. ಟಕ್.

ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು.

ದೊರೆ ಕಿವಿ ನಿಮಿರಿಸಿತು. ಕೂತಲ್ಲಿಂದ ಅಲ್ಲಾಡಲಿಲ್ಲ. ಕತ್ತು ತಿರುಗಿಸಿ ದರ್ಜಿಯನ್ನು ನೋಡಿತು. ಕರೆ ತನಗಲ್ಲ ಎಂದು ಅದಕ್ಕೆ ಗೊತ್ತಾಗಿತ್ತು.

ದರ್ಜಿಯ ಕೈ ಗಾಡಿಯನ್ನು ಬಿಟ್ಟಿತು. ಬೇಡ ಬೇಡ ಎಂದು ಮನಸ್ಸು ಬೊಬ್ಬೆ ಹೊಡೆಯುತ್ತಿದ್ದರೂ ಕಾಲು ಹಿಂದಕ್ಕೆ ತಿರುಗಿತು. ಬಲಗೈ ಚಾಚಿಕೊಂಡು, ತಲೆ ತಗ್ಗಿಸಿಕೊಂಡು, ಅವನು ಗೇಟು ದಾಟಿ ಬಾಗಿಲ ಕಡೆ ನಡೆದ.

ಯಜಮಾನಿ ಬೀಗ ತೆಗೆದು ಬಾಗಿಲು ಸರಿಸಿಕೊಟ್ಟಳು. ಹಿಂದೆಯೇ ಬಂದ ನಾಯಿಯ ತಲೆ ಸವರಿ ಹೇಳಿದಳು:

"ನೋಡ್ಕೋ, ಒಂದೇ ಸಲಕ್ಕೆ ಬಂದ. ಮೊಟ್ಟೆ ಕೂಡ ಕೇಳ್ಲಿಲ್ಲ."