ಅಮೆರಿಕದ ನಟಿಗೆ ಸಿಂಧನೂರಿನಲ್ಲಿ ಕುಬಸ

ನಮ್ಮ ಚಿಗವ್ವನಿಗೆ ಅಮೆರಿಕದಲ್ಲಿ ಒಬ್ಬ ಮಗಳಿದ್ದಾಳೆ. ಈ ವಿಷಯ ಆ ಮಗಳೊಬ್ಬಳಿಗೆ ಮಾತ್ರ ಗೊತ್ತಿಲ್ಲ!

ಆಕೆ ದೊಡ್ಡ ಮಾಡೆಲ್, ಮೇಲಾಗಿ ಸಿನಿಮಾ ನಟಿ. ಅವ್ವನ ತಂಗಿಯಾದ ನಮ್ಮ ಚಿಗವ್ವ ಸಿಂಧನೂರಿನ ಅಕ್ಕಿ ಗಿರಣಿ ಓಣಿಯಲ್ಲಿ ಕೂತು ಮೊಬೈಲಿನಲ್ಲಿ ಅವಳ ಬದುಕನ್ನು ಕಾಯುತ್ತಾಳೆ. ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ, ಹೊತ್ತು ಬೇಕಾದಷ್ಟು. ಇಂಗ್ಲಿಷ್ ಬರದಿದ್ದರೇನಾಯಿತು, ಫೋಟೊ ಇವೆಯಲ್ಲ! ನಟಿ ಫ್ಯಾಷನ್ ಶೋದಲ್ಲಿ ನಡೆಯುವುದನ್ನು ನೋಡಿ, "ಹೊಟ್ಟಿಗೆ ಕೂಳಿಲ್ಲ, ಮಾರಿ ಮ್ಯಾಲ ನಗಿ ಇಲ್ಲ. ಯಾರ ಏನಂದಾರೋ ಏನೋ!" ಎಂದು ಕಣ್ಣೊರೆಸಿಕೊಂಡವಳು. ಮೊದಲ ಸಿನಿಮಾದಲ್ಲಿ ಅವಳನ್ನು ಕೊಂದ ದಿನ ಚಿಗವ್ವ ಒಲೆ ಹಚ್ಚಲಿಲ್ಲ. ಮರುದಿನ ಸಾಬೂನಿನ ಜಾಹೀರಾತಿನಲ್ಲಿ ಜೀವಂತ ಕಂಡ ಮೇಲೆ ಅನ್ನಕ್ಕಿಟ್ಟಳು, ಚಿಗಪ್ಪನ ಪುಣ್ಯ!

ನಟಿ ಗಂಡನನ್ನು ಬಿಟ್ಟಾಗಲಂತೂ ಚಿಗವ್ವ ಮಸ್ಕಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಸ್ವಂತ ಮಗಳ ಕಥೆಯೆಂಬಂತೆ ಎಲ್ಲ ಹೇಳಿಕೊಂಡಿದ್ದಾಳೆ. "ಕೋರ್ಟಿಗೆ ಹಾಕ್ರಿ ಅಂವನ್ನ, ಬಿಡಬ್ಯಾಡ್ರಿ!" ಎಂದಳಂತೆ ಆ ಹೆಂಗಸು.

"ಹಾಕ್ಯಾಳ್ರೀ," ಎಂದಳಂತೆ ಚಿಗವ್ವ, ಹೆಮ್ಮೆಯಿಂದ.

ಈಚೆಗೆ ನಟಿಯ ತುಂಬಿದ ಹೊಟ್ಟೆಯ ಫೋಟೊ ಬಂತು ನೋಡಿ, ಚಿಗವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗ ನಾನೂ ಏಳು ತಿಂಗಳ ಬಸುರಿ, ಸೀಮಂತಕ್ಕೆಂದು ಲಿಂಗಸುಗೂರಿನ ತವರಿಗೆ ಬಂದಿದ್ದೆ. ನನ್ನ ಕುಬಸದ ದಿನ ಹಸಿರು ಸೀರೆ ಉಡಿಸಿ, ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಲು ಮುತ್ತೈದೆಯರೆಲ್ಲ ಮುಂದೆ ಬಂದರು. ಚಿಗವ್ವನೂ ಬಂದಳು. "ನೀ ಒಳಗ ಹೋಳಿಗಿ ನೋಡು ಹೋಗ," ಎಂದಳು ಅವ್ವ. ಹಡೆಯದವಳು ಬಸುರಿಗೆ ಉಡಿ ತುಂಬಬಾರದಂತೆ! ಅವಳ ಕೈಯ ಹೋಳಿಗೆ ಮಾತ್ರ ಎಲ್ಲರಿಗೂ ಆಗುತ್ತದೆ. ಯಾರ ಕುಬಸಕ್ಕೆ ಹೋದರೂ ಅವಳಿಗೆ ಸಿಕ್ಕಿದ್ದು ಒಲೆಯ ಮುಂದಿನ ಜಾಗವೇ.

ಅಮೆರಿಕದ ಬಸುರಿಗಾದರೆ ಅಡ್ಡ ಬರುವವರು ಯಾರು? ಮರುವಾರವೇ ಚಿಗವ್ವ ತನ್ನ ಮನೆಯಲ್ಲಿ ಕುಬಸ ಇಟ್ಟಳು. ನನ್ನನ್ನೂ ಅವ್ವನನ್ನೂ ಕರೆಸಿದಳು. ನಟಿಯ ಫೋಟೊ ದೊಡ್ಡದು ಮಾಡಿಸಿ, ಮಣೆಯ ಮೇಲಿಟ್ಟು, ಹಸಿರು ಸೀರೆ ಹೊದಿಸಿದಳು. ಓಣಿ ಪೂರಾ ಬಂತು. ಹೋಳಿಗೆಗೆ ಎಂದೇ ಇಟ್ಟುಕೊಳ್ಳಿ. ಚಿಗವ್ವ ಉಡಿಯಕ್ಕಿಯ ತಟ್ಟೆ ಎತ್ತಿದ್ದೇ ತಡ, ಬಾಜು ಮನೆಯ ಟೀಚರ್ ಮೊಬೈಲು ನೋಡಿ ಕಿಸಕ್ಕನೆ ನಕ್ಕಳು.

"ಅಕ್ಕಾರ, ಇಕಿ ಬಸುರಿ ಅಲ್ರೀ! ಸಿನಿಮಾದಾಗ ಬಸುರಿ ಪಾತ್ರ ಮಾಡ್ಯಾಳ. ಹೊಟ್ಟಿಗೆ ದಿಂಬು ಕಟ್ಯಾರ!"

"ದಿಂಬಿಗೆ ಏನ್ ಹೆಸರಿಡ್ತೀರಿ?" ಎಂದಳು ಇನ್ನೊಬ್ಬಳು. ನಕ್ಕರು ನೋಡಿ, ಅಂಗಳದ ಕೋಳಿಗಳೂ ಹೆದರಿ ಓಡಿದವು!

"ಇರ್ಲಿ ತಗೊರಿ, ಹೋಳಿಗಿ ಅಂತೂ ಖರೇ ಅದಾವಲ್ಲ," ಎಂದಳು ಚಿಗವ್ವ. ನಗುತ್ತಲೇ ಹೇಳಿದಳು. ಆದರೆ ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನಾನು ಎದ್ದೆ. ಫೋಟೊ ಪಕ್ಕಕ್ಕೆ ಸರಿಸಿ, ಮಣೆಯ ಮೇಲೆ ಕೂತು, ಸೆರಗು ಒಡ್ಡಿದೆ.

"ನನ್ನ ಹೊಟ್ಯಾಗ ದಿಂಬಿಲ್ಲ ಚಿಗವ್ವ. ತುಂಬು."

"ಏನ್ ಮಾಡಾಕತ್ತಿ ನೀ? ಏಳ ಮ್ಯಾಲ!" ಎಂದಳು ಅವ್ವ.

ನಾನು ಏಳಲಿಲ್ಲ. ಚಿಗವ್ವ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬೊಗಸೆ ತುಂಬ ಅಕ್ಕಿ ತೆಗೆದು ನನ್ನ ಸೆರಗಿಗೆ ಸುರಿದಳು. ಅರ್ಧ ನೆಲಕ್ಕೆ ಚೆಲ್ಲಿತು. ಇಷ್ಟು ವಯಸ್ಸಾದರೂ ಅವಳಿಗೆ ಉಡಿ ತುಂಬಿ ರೂಢಿಯೇ ಇರಲಿಲ್ಲ.