ಲಿಂಗಪ್ಪನ್ ಹೂ ಕೇಳಿಸಿದ್ದು

ಮಡತ್ತುಕುಳಂನ ತೆಂಗಿನಕಾಯಿ ವ್ಯಾಪಾರಿ ಲಿಂಗಪ್ಪನ್ ಅವರಿಗೆ ಲೋಕದ ಮೇಲೆ ಇದ್ದದ್ದು ಒಂದೇ ದೂರು. ಊರಿನವರ ಮಕ್ಕಳೆಲ್ಲ ಕಂಪ್ಯೂಟರ್ ಓದಿ ಶರವಣಂಪಟ್ಟಿಯ ಗಾಜಿನ ಕಟ್ಟಡಗಳಲ್ಲಿ ತಣ್ಣಗೆ ಕೂತಿರುವಾಗ, ತಮ್ಮ ಏಕಮಾತ್ರ ಪುತ್ರಿ ಇಂದುಜಾ ಮಾತ್ರ ಹುಳ ಓದುತ್ತೇನೆ ಅನ್ನುತ್ತಿದ್ದಳು. ಕಾಲೇಜಿನವರು ಅದಕ್ಕೆ ಝುವಾಲಜಿ ಎಂಬ ಗೌರವದ ಹೆಸರು ಇಟ್ಟಿದ್ದರು. ಲಿಂಗಪ್ಪನ್ ಅದಕ್ಕೆಲ್ಲ ಮರುಳಾಗುವವರಲ್ಲ.

ಹುಡುಗಿಗೆ ಈ ಗೀಳು ಹೊಸದೇನಲ್ಲ. ತೆಂಗಿನ ಸುಳಿ ತಿಂದು ಮರವನ್ನೇ ಹಾಳು ಮಾಡುವ ಕೊಂಬಿನ ದುಂಬಿಯನ್ನು ಉಪ್ಪಿನಕಾಯಿ ಜಾಡಿಯಲ್ಲಿ ಸಾಕಿದ್ದಳು. (ಅಪ್ಪನ ವೃತ್ತಿಶತ್ರುವಿಗೆ ಅಪ್ಪನ ಮನೆಯಲ್ಲೇ ರಾಜೋಪಚಾರ.) ಪೋತ್ತನೂರಿನಿಂದ ಬಂದಿದ್ದ ಭಾವಮೈದುನ ಬಾಲಸುಬ್ರಮಣಿಯನ್ ಮೊಸರನ್ನಕ್ಕೆ ನೆಂಚಿಕೊಳ್ಳಲೆಂದು ಆ ಜಾಡಿಗೆ ಕೈ ಹಾಕಿದ್ದರು. ಅಂದಿನಿಂದ ಅವರು ಈ ಮನೆಯಲ್ಲಿ ಊಟ ಮಾಡುವುದಿಲ್ಲ. ಕಾಫಿಯನ್ನೂ ಲೋಟದೊಳಗೆ ಇಣುಕಿ ನೋಡಿಯೇ ಕುಡಿಯುತ್ತಾರೆ.

"ಹುಳ ಓದಿದ್ರೆ ಏನು ವೇಲೆ ಸಿಕ್ಕುತ್ತೆ, ಕಣ್ಣು? ಹುಳಕ್ಕೆ ಆಫೀಸ್ ಐತಾ, ಸಂಬಳ ಐತಾ?" ಎಂದರು ಲಿಂಗಪ್ಪನ್. (ಆ ತಮಿಳು ಸೀಮೆಯಲ್ಲಿ ಕೆಲಸಕ್ಕೆ ವೇಲೆ ಅನ್ನುತ್ತಾರೆ, ಮುದ್ದಿನ ಮಗಳಿಗೆ ಕಣ್ಣು.)

"ನನಗೆ ಇಷ್ಟ ಅಪ್ಪಾ. ಕಂಪ್ಯೂಟರ್ ಮುಂದೆ ಕೂತ್ರೆ ನಿದ್ದೆ ಬರುತ್ತೆ."

"ಇಷ್ಟವಂತೆ! ತೆಂಗಿನಕಾಯಿ ಮೇಲೆ ಆಸೆ ಬಂದು ನಾನು ಯಾವಾರಕ್ಕೆ ಇಳಿದೆನಾ?"

"ಅಲ್ಲದೆ ಮತ್ತೆ?" ಅಡುಗೆಮನೆಯಿಂದ ಹೆಂಡತಿ ಕಮಲಾತಾಳ್ ದನಿ ಬಂತು. "ಹೆಣ್ಣು ನೋಡೋಕೆ ಬಂದ ದಿನ ನನ್ನ ಮೊಖ ನೋಡ್ಲಿಲ್ಲ ನೀವು. ಹಿತ್ತಲಲ್ಲಿ ನಿಂತು ನಮ್ಮ ಮರದ ಕಾಯಿ ಎಣಿಸ್ತಾ ಇದ್ರಿ."

ಲಿಂಗಪ್ಪನ್ ಆ ವಿಷಯಕ್ಕೆ ಹೋಗದೆ, ಪಕ್ಕದ ಮನೆಯ ಸೆಂದಿಲ್‌ನನ್ನು ಉದಾಹರಣೆಯಾಗಿ ಮುಂದಿಟ್ಟರು. ಸಾಫ್ಟ್‌ವೇರ್ ಹುಡುಗ. ಕಂಪನಿಯ ಗುರುತಿನ ಚೀಟಿಯನ್ನು ಮದುವೆಮನೆಗೂ ಕೊರಳಲ್ಲಿ ಹಾಕಿಕೊಂಡು ಬರುವಂಥವನು.

"ಸೆಂದಿಲ್ ಅಣ್ಣ ಹೋದ ವಾರ ಬಂದಿದ್ರು. ವೇಲೆ ಬಿಟ್ಟು ಜೇನು ಸಾಕ್ತಾರಂತೆ. ಹೇಗೆ ಅಂತ ನನ್ನನ್ನ ಕೇಳಿದ್ರು," ಎಂದಳು ಇಂದುಜಾ.

ಲಿಂಗಪ್ಪನ್ ಬಾರದ ಫೋನನ್ನು ಎತ್ತಿಕೊಂಡು "ಆಮಾ, ಸೊಲ್ಲುಂಗೋ" (ಹೌದು, ಹೇಳಿ) ಎನ್ನುತ್ತಾ ಹೊರಗೆ ಹೋದರು.

ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆ. ಇರುವವಳು ಒಬ್ಬಳೇ. ನಾಳೆ ಅವಳು ಯಾರ ಮುಂದೆಯೂ ಕೈ ಚಾಚುವಂತಾಗಬಾರದು. ಇದನ್ನು ಮಗಳಿಗೆ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಅದರ ಬದಲು ಅವರಿಗೊಂದು ದಿವ್ಯ ಉಪಾಯ ಹೊಳೆಯಿತು: ಮಾರಿಯಮ್ಮನ ಗುಡಿಯಲ್ಲಿ ಹೂ ಕೇಳಿಸುವುದು.

ಆ ಸೀಮೆಯಲ್ಲಿ ಬಾವಿ ತೋಡುವ ಮೊದಲು, ಹೆಣ್ಣು ಕೊಡುವ ಮೊದಲು ಹೂ ಕೇಳಿಸುತ್ತಾರೆ. ಬಾಳೆ ಎಲೆಯಲ್ಲಿ ಒಂದು ಬಿಳಿ ಹೂ, ಇನ್ನೊಂದು ಎಲೆಯಲ್ಲಿ ಒಂದು ಕೆಂಪು ಹೂ ಇಟ್ಟು, ಹೊರಗೆ ಕಾಣದ ಹಾಗೆ ಪೊಟ್ಟಣ ಕಟ್ಟಿ ತರಬೇಕು. ಪೂಜಾರಿ ಎರಡನ್ನೂ ಕಲೆಸಿ ಅಮ್ಮನ ಪಾದದ ಬಳಿ ಹಾಕಿ, ಮನೆಯವರು ಕೇಳ್ವಿ, ಅಂದರೆ ಪ್ರಶ್ನೆ, ಕೇಳಿದ ಮೇಲೆ ಒಂದನ್ನು ಎತ್ತಿ ಬಿಚ್ಚುತ್ತಾರೆ. ಬಿಳಿ ಬಂದರೆ ಹೂಂ, ಕೆಂಪು ಬಂದರೆ ಊಹೂಂ. ಮೇಲ್ಮನವಿ ಇಲ್ಲ.

"ಕಂಪ್ಯೂಟರ್‌ಗೆ ಸೇರಿಸಲಾ ಅಂತ ಕೇಳಾಣ. ಅಮ್ಮ ಬೇಡ ಅಂದ್ರೆ ಹುಳಾನೇ ಓದು," ಎಂದರು ಲಿಂಗಪ್ಪನ್. ಇಂದುಜಾ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, "ಸರಿ ಅಪ್ಪಾ. ಯಾವುದು ಬಂದ್ರೂ ಮಾತು ಮೀರಲ್ಲ," ಎಂದಳು. ಕಣ್ಣು ತುಂಬಿತ್ತು.

ಸಂಜೆ ಲಿಂಗಪ್ಪನ್ ಎಲ್ಲರಿಗೂ ಕಾಣುವ ಹಾಗೆ ಬಿಳಿ ನಂದಿಬಟ್ಟಲನ್ನೂ ಕೆಂಪು ಕಣಗಿಲೆಯನ್ನೂ ಕಿತ್ತರು. ಯಾರಿಗೂ ಕಾಣದ ಹಾಗೆ ಎರಡು ಪೊಟ್ಟಣಕ್ಕೂ ನಂದಿಬಟ್ಟಲನ್ನೇ ಇಟ್ಟು ಕಟ್ಟಿದರು. ದೇವಿಯ ಮೇಲೆ ಅವರಿಗೆ ಪೂರ್ಣ ನಂಬಿಕೆ ಇತ್ತು. ಆಕೆಗೆ ಆಯ್ಕೆಯ ತೊಂದರೆ ಯಾಕೆ ಎಂಬ ಭಕ್ತಿಯಷ್ಟೇ. ಅಷ್ಟು ಮಾಡಿದ ಮೇಲೆ ಔದಾರ್ಯ ಉಕ್ಕಿ ಬಂದು ಹೆಂಡತಿಯನ್ನು ಕರೆದರು.

"ನಾಳೆ ಕೇಳ್ವಿ ನೀನೇ ಕೇಳು. ಮೋಸ ಮಾಡ್ದ ಅಂತ ಆಮೇಲೆ ಅನ್ನಬೇಡ."

"ಆಗ್ಲಿ," ಎಂದರು ಕಮಲಾತಾಳ್, ಒಗೆಯುವ ಬಟ್ಟೆ ಒಟ್ಟುಮಾಡುತ್ತಾ.

ಬೆಳಿಗ್ಗೆ ಗುಡಿಯಲ್ಲಿ ಜನ ಸೇರಿದ್ದರು. ಪೂಜಾರಿ ವೇಲುಸಾಮಿ ಪೊಟ್ಟಣಗಳನ್ನು ಕಲೆಸಿ ಪಾದದ ಬಳಿ ಹಾಕಿದರು. ಕಮಲಾತಾಳ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಮುಗಿದು, ಇಡೀ ಗುಡಿಗೆ ಕೇಳುವ ಹಾಗೆ ಹೇಳಿದರು:

"ತಾಯೇ, ನನ್ನ ಮಗಳು ಹುಳ ಓದಬಹುದಾ? ಓದಲಿ ಅಂದ್ರೆ ಬಿಳಿ ಕೊಡು."

ಲಿಂಗಪ್ಪನ್ ಅವರ ಬಾಯಿ ತೆರೆಯಿತು. ಅಷ್ಟರಲ್ಲಿ ಪೊಟ್ಟಣವೂ ತೆರೆಯಿತು. ಬಿಳಿ.

"ಇದಲ್ಲ ಕೇಳ್ವಿ! ಇನ್ನೊಂದು ಸಲ ಕೇಳಿಸಿ ಸಾಮಿ!"

"ಇನ್ನೊಂದು ಸಲವಾ? ಅಮ್ಮನ ಮಾತಿನ ಮೇಲೆ ಸಂದೇಹವಾ?" ವೇಲುಸಾಮಿಗೆ ಕೋಪ ಬಂತು. "ಇರಿ, ಇನ್ನೊಂದು ಪೊಟ್ಟಣಾನೂ ಬಿಚ್ಚಿ ತೋರಿಸ್ತೀನಿ."

"ಬೇಡ, ಬೇಡ! ನಂಬಿದೆ!"

ಬಿಚ್ಚಿದರು. ಅದೂ ಬಿಳಿ. ವೇಲುಸಾಮಿ ಎರಡು ಹೂವನ್ನೂ ದೀಪದ ಬೆಳಕಿಗೆ ಹಿಡಿದು ನೋಡಿದರು. ಈ ಸನ್ನಿಧಿಯಲ್ಲೇ ತಲೆ ನರೆತ ಮನುಷ್ಯ, ಇಂಥದ್ದು ಕಂಡಿರಲಿಲ್ಲ. "ಕೆಂಪನ್ನೇ ಬಿಳಿ ಮಾಡಿಬಿಟ್ಟಳು ತಾಯಿ!" ಎಂದು ಗಂಟೆ ಬಾರಿಸಿದರು. ಹೆಂಗಸರು ಕೆನ್ನೆ ಬಡಿದುಕೊಂಡರು. ನಿಜ ಗೊತ್ತಿದ್ದ ಏಕೈಕ ಪುರುಷ ಎಲ್ಲರಿಗಿಂತ ಜೋರಾಗಿ ಕೈ ಮುಗಿದು ನಿಂತಿದ್ದರು. ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದು ಕೂತಾಗ ಕಾಫಿ ಬಂತು. ಲೋಟದ ಪಕ್ಕದಲ್ಲಿ ಒಂದು ಬಾಡಿದ ಕೆಂಪು ಕಣಗಿಲೆ.

"ಇದು ಎಲ್ಲಿತ್ತು?"

"ನಿಮ್ಮ ಅಂಗಿ ಜೋಬಲ್ಲಿ. ಬಟ್ಟೆ ನೆನೆಸೋವಾಗ ಸಿಕ್ತು."

"ಯಾವಾಗ?"

"ನೆನ್ನೆ ಸಾಯಂಕಾಲ." ಕಮಲಾತಾಳ್ ಸೆರಗಲ್ಲಿ ಕೈ ಒರೆಸಿಕೊಂಡರು. "ಪೊಟ್ಟಣ ಎರಡೂ ನೀವೇ ಕಟ್ಟಿದ್ರಿ. ಕೇಳ್ವಿ ಒಂದನ್ನ ನನಗೆ ಬಿಟ್ರಿ. ನನಗೆ ಅಷ್ಟು ಸಾಕಾಯ್ತು. ಕಾಫಿ ಆರುತ್ತೆ, ಕುಡೀರಿ."

ಕುಡಿಯಲು ಬಿಡುವಾಗಲಿಲ್ಲ. ಬಾಗಿಲಲ್ಲಿ ವೇಲುಸಾಮಿ, ಅವರ ಹಿಂದೆ ಅರ್ಧ ಬೀದಿ. ಅಮ್ಮ ಮೆಚ್ಚಿದ ಹುಳವನ್ನು ಕಣ್ಣಾರೆ ನೋಡಬೇಕಂತೆ. ಇಂದುಜಾ ಕಾಲೇಜಿಗೆ ಅರ್ಜಿ ಹಾಕಲು ಆಗಲೇ ಓಡಿದ್ದಳು. ಕಮಲಾತಾಳ್ ಜಾಡಿ ತಂದು ಗಂಡನ ಕೈಗೆ ಕೊಟ್ಟರು.

ಲಿಂಗಪ್ಪನ್ ಜಗಲಿಯ ಮೇಲೆ ನಿಂತು ಮುಚ್ಚಳ ತೆಗೆದು, ಬಂದವರಿಗೆಲ್ಲ ಕತ್ತಲಾಗುವವರೆಗೆ ದುಂಬಿ ತೋರಿಸಿದರು. ಹುಳ ಓದಿದರೆ ಏನು ವೇಲೆ ಸಿಕ್ಕುತ್ತೆ ಎಂದು ಕೇಳಿದ್ದರಲ್ಲ, ಮೊದಲ ವೇಲೆ ಅವರಿಗೇ ಸಿಕ್ಕಿತ್ತು. ಸಂಬಳ ಮಾತ್ರ ಇರಲಿಲ್ಲ.