ಬೆಂಚಿನ ಅಧಿಕೃತ ಇತಿಹಾಸ

ಇತಿಹಾಸವಿಲ್ಲದ ಉದ್ಯಾನಗಳನ್ನು ವಾಹನ ನಿಲುಗಡೆಗೆ ಬಿಟ್ಟುಕೊಡತಕ್ಕದ್ದೆಂದು ನಗರಸಭೆ ಸರ್ವಾನುಮತದಿಂದ ನಿರ್ಣಯಿಸಿತು. ನಿಲುಗಡೆಯ ಗುತ್ತಿಗೆ ಅಧ್ಯಕ್ಷರ ಭಾಮೈದನಿಗೆ ಸಿಕ್ಕಿದ್ದು ಕಾಕತಾಳೀಯ.

ರೈಲು ನಿಲ್ದಾಣದ ಹಿಂದಿನ ಉದ್ಯಾನಕ್ಕೆ ಇತಿಹಾಸವಿರಲಿಲ್ಲ. ಒಂದು ಕಲ್ಲುಬೆಂಚು, ಸಂಜೆಯಾದರೆ ಅದರ ಮೇಲೆ ಒಬ್ಬ ಮುದಿ ದರ್ಜಿ ಮತ್ತು ಅವನ ಹೆಂಡತಿ, ಅಷ್ಟೇ. ಮದುವೆಯಾದ ಹೊಸತರಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಅತ್ತೆ ನಾದಿನಿಯರ ಕಿವಿ ತಪ್ಪಿಸಿ ಮಾತಾಡಲು ಬಂದವರು, ಮನೆಯಲ್ಲಿ ಕಿವಿಗಳೇ ಉಳಿಯದ ಮೇಲೂ ಬರುವುದನ್ನು ಬಿಟ್ಟಿರಲಿಲ್ಲ.

ಇತಿಹಾಸ ಸಿಗದಿದ್ದರೆ ಇತಿಹಾಸ ಶೋಧನಾಧಿಕಾರಿಯ ಹುದ್ದೆಯೂ ರದ್ದಾಗುತ್ತಿತ್ತು. ಆತ ಬಂದ ಸಂಜೆ ದರ್ಜಿ ಒಬ್ಬನೇ ಕೂತಿದ್ದ, ಹೆಂಡತಿ ಚಪ್ಪಲಿ ಹೊಲಿಸಲು ಹೋಗಿದ್ದಳು.

"ಯಾವಾಗಿಂದ ಇಲ್ಲಿ ಕೂರ್ತಿದ್ದೀರಿ, ಯಜಮಾನ್ರೇ?"

"ಮೀಸೆ ಕಪ್ಪಗಿದ್ದಾಗಿಂದ, ಸ್ವಾಮಿ."

"ಸಾಕು. ನೀವೇ ಇತಿಹಾಸ."

ಮರುದಿನ ಗಂಡ ಹೆಂಡತಿ ಬರುವಷ್ಟರಲ್ಲಿ ಬೆಂಚಿನ ಸುತ್ತ ಹಗ್ಗ ಕಟ್ಟಿ, ಬೋರ್ಡು ನೆಟ್ಟಾಗಿತ್ತು: 'ಈ ಬೆಂಚಿನ ಮೇಲೆ ಈ ವ್ಯಕ್ತಿ ದಶಕಗಳಿಂದ ಒಬ್ಬನೇ ಕುಳಿತಿರುತ್ತಾನೆ. ಎರಡನ್ನೂ ಮುಟ್ಟಕೂಡದು.'

ಕಾವಲುಗಾರ ದರ್ಜಿಗೆ ಸಲಾಮು ಹೊಡೆದು ಒಳಗೆ ಬಿಟ್ಟ. ಹೆಂಡತಿಯನ್ನು ತಡೆದ.

"ನಾನು ಅವರ ಹೆಂಡ್ತಿ ಕಣಪ್ಪಾ!"

"ಬೋರ್ಡಲ್ಲಿ ಇಲ್ವಲ್ಲಮ್ಮ."

"ರೀ, ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ದೀರಾ? ಹೇಳ್ರೀ!"

ಬೋರ್ಡಿನ ಪಕ್ಕದಲ್ಲೇ ನಿಂತಿದ್ದ ಅಧಿಕಾರಿಗೆ ದರ್ಜಿ ಹೇಳಿದ. "ಇವಳೂ ಮೊದಲಿಂದ ಇದ್ದಾಳೆ, ಸ್ವಾಮಿ."

ಅಧಿಕಾರಿ ಕಲ್ಲುಹೃದಯದವನಲ್ಲ. ಕೂರಿಸಿ ವಿವರಿಸಿದ. ಹೆಂಡತಿಯನ್ನು ಸೇರಿಸಿದರೆ ಇತಿಹಾಸ ತಪ್ಪೆಂದು ಒಪ್ಪಿದಂತೆ. ತಪ್ಪು ಇತಿಹಾಸ ನಿಯಮದ ಪ್ರಕಾರ ಇತಿಹಾಸವಲ್ಲ. "ನಾಳೆನೇ ಇಲ್ಲಿ ಕಾರು ನಿಲ್ಲುತ್ತೆ. ನಿಮಗೂ ಬೆಂಚಿಲ್ಲ, ಅವರಿಗೂ ಇಲ್ಲ."

ಹೆಂಡತಿ ಸೆರಗಿನಿಂದ ಬೆಂಚಿನ ಧೂಳು ಒರೆಸಲು ಕೈ ಚಾಚಿದಳು. ಹಗ್ಗದಾಚೆಯಿಂದ ಎಟುಕಲಿಲ್ಲ.

"ನೀವು ಕೂತ್ಕೊಳ್ಳಿ, ರೀ. ನಾನು ನಿಂತಿರ್ತೀನಿ."

ಉದ್ಯಾನ ಉಳಿಯಿತು. ಶಾಲೆಗಳಿಂದ ಮಕ್ಕಳು ಸಾಲಾಗಿ ಬರತೊಡಗಿದರು. ಒಂದು ಸಂಜೆ ಎರಡು ಜಡೆಯ ಹುಡುಗಿ ಕೇಳಿದಳು, "ತಾತ, ನಿಮಗೆ ಮದುವೆ ಆಗಿಲ್ವಾ?"

ಮೇಡಂ ಗದರಿದರು. "ಬೋರ್ಡು ಓದೋಕೆ ಬರಲ್ವೇನೇ?"

ದರ್ಜಿ ಹಗ್ಗದಾಚೆ ನೋಡಿದ. ಹೆಂಡತಿ ಬೇಡವೆಂಬಂತೆ ತಲೆಯಾಡಿಸಿದಳು.

"ಇಲ್ಲಮ್ಮ," ಎಂದ.

ಹುಡುಗಿಗೆ ನಂಬಿಕೆ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಮುಖ ನೋಡಿದಳು.

"ಹೌದು ಪುಟ್ಟಿ," ಎಂದಳು ಹೆಂಡತಿ. "ಪಾಪ, ಮೊದಲಿಂದ್ಲೂ ಒಬ್ಬರೇ. ನಾನೇ ದಿನಾ ನೋಡ್ಕೊಂಡು ಬಂದಿದ್ದೀನಲ್ಲ."